ಪಹಣಿ ಹಿಡಿದು ಅಮೆರಿಕಕ್ಕೆ

ಜಾವಗಲ್ ಅಂದರೆ ಸಾಕು, ಹೊರಗಿನವರು "ಓ, ಶ್ರೀನಾಥ್ ಊರಲ್ವಾ?" ಅನ್ನುತ್ತಾರೆ. ಹೌದು ಅನ್ನುತ್ತೇವೆ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ. ನಮ್ಮ ಊರು ಅವರ ಹೆಸರಿನ ಮುಂದೆ ಕೂತು ದೇಶ ಸುತ್ತಿತು. ಹಳೇಬೀಡು ನೋಡಿ ಬಾಣಾವರದ ಕಡೆ ಹೊರಟವರಲ್ಲಿ ಯಾರೋ ಒಬ್ಬಿಬ್ಬರು ಇಲ್ಲಿಳಿದು ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಿಕೊಂಡು ಹೋಗುತ್ತಾರೆ. ದರ್ಗಾಕ್ಕೆ ಹರಕೆ ಹೊತ್ತವರು ಜಾತಿ ಮತ ನೋಡದೆ ಬರುತ್ತಾರೆ. ಉಳಿದಂತೆ ನಮ್ಮದು ತೆಂಗು, ಕೊಬ್ಬರಿ, ಒಂದಿಷ್ಟು ರಾಗಿಯ ಊರು.

ಈಗ ಹೇಳಹೊರಟಿರುವುದೂ ಊರಿನ ಹೆಸರು ಹೊತ್ತು ಬೇರೆಲ್ಲೋ ಬೆಳೆದ ಒಂದು ಹುಡುಗಿಯ ಸಂಗತಿಯೇ. ನಮ್ಮಣ್ಣನ ಮೊಮ್ಮಗಳು ಅವಳು, ನನ್ನನ್ನು ಚಿಕ್ಕತಾತ ಅನ್ನುತ್ತಾಳೆ. 2022ರ ಡಿಸೆಂಬರ್ ತಿಂಗಳಲ್ಲಿ ಅವಳು ಒಬ್ಬಳೇ ಅಮೆರಿಕದಿಂದ ಬಂದು ನಮ್ಮ ಹಳೇ ಮನೆಯಲ್ಲಿ ಇದ್ದಳು. ರಜಕ್ಕೆ ಬಂದಿದ್ದಾಳೆ ಅಂತ ಬೀದಿಯವರೆಲ್ಲ ಅಂದುಕೊಂಡರು. ಅತ್ತಿಗೆಯೂ ಹಾಗೇ ಅಂದುಕೊಂಡಿದ್ದರು, ಮೊದಲ ಎರಡು ಮೂರು ದಿನ.

ಅವಳ ಅಪ್ಪ ಹಾಸನದ ಮಲ್ನಾಡ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವನು. ಬೆಂಗಳೂರಿನಲ್ಲಿ ಕೆಲಸ ಹಿಡಿದು, ಮದುವೆಯಾಗಿ, 2009ರಲ್ಲಿ ಕಂಪನಿಯ ಮೂಲಕ ಎಚ್‌-1ಬಿ ವೀಸಾದಲ್ಲಿ ಅಮೆರಿಕಕ್ಕೆ ಹೋದ. ಹುಡುಗಿಗೆ ಆಗ ಏಳು ವರ್ಷ, ಬೆಂಗಳೂರಿನಲ್ಲಿ ಎರಡನೇ ಕ್ಲಾಸು. ನಾರ್ತ್ ಕೆರೊಲಿನಾ ರಾಜ್ಯದ ಕ್ಯಾರಿ ಅನ್ನುವ ಊರಿನಲ್ಲಿ ಮನೆ ಮಾಡಿದರು. ಅಲ್ಲೇ ಒಬ್ಬ ತಮ್ಮ ಹುಟ್ಟಿದ. ಆ ನೆಲದಲ್ಲಿ ಹುಟ್ಟಿದ ಕಾರಣಕ್ಕೆ ತಮ್ಮ ಅಮೆರಿಕದ ಪ್ರಜೆ. ಅಕ್ಕ ಅಪ್ಪನ ವೀಸಾಕ್ಕೆ ಅಂಟಿಕೊಂಡ ಅವಲಂಬಿತೆ. ಒಂದೇ ಊಟದ ಮೇಜು, ಒಂದೇ ಸ್ಕೂಲ್ ಬಸ್ಸು. ಹೈಸ್ಕೂಲು ಮುಗಿಸಿ ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿನವರೆಗೂ ಇದು ಅವಳಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಅಪ್ಪ ಅಮ್ಮ ಹೇಳಿರಲಿಲ್ಲ. "ಅಷ್ಟರೊಳಗೆ ಗ್ರೀನ್ ಕಾರ್ಡ್ ಬಂದುಬಿಡುತ್ತೆ, ಮಗೂಗೆ ಯಾಕೆ ಚಿಂತೆ" ಅಂತ ಸುಮ್ಮನಿದ್ದರಂತೆ.

ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಕೊಂಚ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಅಮೆರಿಕ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳನ್ನು ಕೆಲಸದ ಆಧಾರದ ಮೇಲೆ ಕೊಡುತ್ತದೆ. ಕೆಲಸಗಾರನ ಹೆಂಡತಿ ಮಕ್ಕಳೂ ಆ ಲೆಕ್ಕದಲ್ಲೇ ಸೇರುತ್ತಾರೆ. ಯಾವ ಒಂದು ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದು ಅನ್ನುವುದು 1990ರ ಕಾನೂನು. ಐಸ್‌ಲ್ಯಾಂಡಿಗೂ ಅಷ್ಟೇ, ಇಂಡಿಯಾಕ್ಕೂ ಅಷ್ಟೇ. ಹೀಗಾಗಿ ನಮ್ಮವರ ಸರತಿ ಸಾಲು ಹನುಮಂತನ ಬಾಲ. ಫೈಲು ದಾಖಲಾದ ದಿನಾಂಕವೇ ಸಾಲಿನಲ್ಲಿ ನಿಮ್ಮ ಜಾಗ. ಅಣ್ಣನ ಮಗನ ಕಂಪನಿ ಇವತ್ತು ನಾಳೆ ಅಂತ ಎಳೆದು ಎಳೆದು ಕೊನೆಗೆ ಫೈಲು ಹಾಕಿದ್ದು 2015ರ ಆರಂಭದಲ್ಲಿ. ಆಗ ಹುಡುಗಿಗೆ ಹದಿಮೂರು.

ಇನ್ನೊಂದು ಕಡೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಮಕ್ಕಳಿಗೆ 21 ತುಂಬಿದ ದಿನ ಅವರು ಅಪ್ಪನ ವೀಸಾದಿಂದ ಕಳಚಿಕೊಳ್ಳುತ್ತಾರೆ. ಗ್ರೀನ್ ಕಾರ್ಡಿನ ಅರ್ಜಿಯಿಂದಲೂ ಬಹುಮಟ್ಟಿಗೆ ಬಿದ್ದುಹೋಗುತ್ತಾರೆ. ಇಂಥ ಮಕ್ಕಳಿಗೆ ಆಸರೆಯಾಗಲಿ ಅಂತ 2002ರಲ್ಲಿ ಒಂದು ಕಾನೂನು ಮಾಡಿದ್ದರು. ಅದು ಕಚೇರಿಯಲ್ಲಿ ಅರ್ಜಿ ಕೊಳೆತ ದಿನಗಳನ್ನು ವಯಸ್ಸಿನಿಂದ ಕಳೆಯುತ್ತದೆ. ಸಾಲಿನಲ್ಲಿ ನಿಂತ ವರ್ಷಗಳನ್ನು ಕಳೆಯುವುದಿಲ್ಲ. ನಮ್ಮವರ ಕಷ್ಟವೆಲ್ಲ ಸಾಲಿನಲ್ಲೇ ಇರುವುದು. 21 ಆದ ಮೇಲೆ ಬೇರೆ ವೀಸಾ ಸಿಕ್ಕಿದರೆ ಸರಿ. ಸಿಗದೆ ಅಲ್ಲೇ ಉಳಿದರೆ, ಏಳನೇ ವಯಸ್ಸಿನಲ್ಲಿ ವಿಮಾನ ಇಳಿದು ಮುದ್ರೆ ಒತ್ತಿಸಿಕೊಂಡು ಒಳಗೆ ಹೋದ ಮಗುವೂ ದಾಖಲೆ ಇಲ್ಲದ ವಲಸಿಗರ ಪಟ್ಟಿಗೆ ಸೇರಿದಂತೆಯೇ.

ಈ ಹುಡುಗಿಗೆ 2023ರ ಜನವರಿ ಕೊನೆಗೆ 21 ತುಂಬುವುದಿತ್ತು. ಅದಕ್ಕೆ ಮುಂಚೆ ವಿದ್ಯಾರ್ಥಿ ವೀಸಾ ಹಾಕಿಸಿಕೊಂಡು ಹೊಸದಾಗಿ ಒಳಗೆ ಹೋಗಬೇಕು. ಬೆಂಗಳೂರಿನಲ್ಲಿ ಆಗ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ. ಅದರ ಉದ್ಘಾಟನೆ ಆದದ್ದು 2025ರ ಜನವರಿಯಲ್ಲಿ. ಕನ್ನಡದವರಿಗೆಲ್ಲ ಚೆನ್ನೈಯೇ ಗತಿ. ಆ ಸಂದರ್ಶನಕ್ಕೆ ಅವಳು ಬಂದದ್ದು. ರಜ ಗಿಜ ಏನೂ ಇಲ್ಲ.

ಬಂದು ವಾರದೊಳಗೆ ಅವಳ ಅಪ್ಪನ ಫೋನು ನನಗೆ. "ಚಿಕ್ಕಪ್ಪ, ತೋಟದ ಪಹಣಿ ಒಂದು ತೆಗೆಸಿಕೊಡಿ. ವಂಶವೃಕ್ಷನೂ ಬೇಕಾಗಬಹುದು."

"ವೀಸಾಕ್ಕೂ ಪಹಣಿಗೂ ಏನಪ್ಪಾ ಸಂಬಂಧ?"

ಸಂಬಂಧ ಇತ್ತು. ವಿದ್ಯಾರ್ಥಿ ವೀಸಾ ಕೇಳುವವರು, ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುತ್ತೇವೆ ಅನ್ನುವುದನ್ನು ಅಧಿಕಾರಿಗೆ ಮನದಟ್ಟು ಮಾಡಬೇಕು. ಸ್ವದೇಶದಲ್ಲಿ ನಿಮಗೆ ಬೇರಿದೆಯೇ? ಮನೆ, ಮಠ, ಆಸ್ತಿ, ಬಂಧುಬಳಗ? ಏಳನೇ ವಯಸ್ಸಿಗೆ ಊರು ಬಿಟ್ಟ ಹುಡುಗಿಗೆ ಜಾವಗಲ್ಲಿನಲ್ಲಿ ಬೇರಿದೆ ಅಂತ ತೋರಿಸಲು ಇದ್ದದ್ದು ಅವಳ ಮುತ್ತಜ್ಜ ನೆಟ್ಟ ತೆಂಗಿನ ತೋಟ ಒಂದೇ.

ಅತ್ತಿಗೆ ಟ್ರಂಕು ತೆಗೆದರು. ರೇಷ್ಮೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಕಂದಾಯದ ರಸೀದಿಗಳ ಜೊತೆ ಹಳೇ ಕೈಬರಹದ ಪಹಣಿ. ಮಡಿಕೆಯ ಗೆರೆಯಲ್ಲೇ ಹರಿದು ನಾಲ್ಕು ತುಂಡಾಗಿತ್ತು. ನಾಡಕಚೇರಿಗೆ ಹೋಗಿ ಹೊಸದು ತೆಗೆಸಿದೆ. ಮಾಲೀಕರ ಕಾಲಮ್ಮಿನಲ್ಲಿ ನಮ್ಮಪ್ಪನ ಹೆಸರೇ ಇತ್ತು. ಅಪ್ಪ ಹೋಗಿ ಎಷ್ಟೋ ಕಾಲವಾಗಿದೆ, ಅಣ್ಣನೂ ಹೋಗಿಯಾಗಿದೆ. ನಮ್ಮ ಕಡೆ ಅರ್ಧಕ್ಕರ್ಧ ತೋಟಗಳ ಪಹಣಿ ತೀರಿಕೊಂಡವರ ಹೆಸರಿನಲ್ಲೇ ಇರುತ್ತವೆ; ಪೌತಿ ಖಾತೆ ಅನ್ನುವುದು ಅಣ್ಣತಮ್ಮಂದಿರು ಜಗಳಕ್ಕೆ ಬಿದ್ದಾಗ ಮಾತ್ರ ನೆನಪಾಗುವ ಸಂಗತಿ. ಸತ್ತ ಮುತ್ತಜ್ಜನ ಹೆಸರಿನ ಕಾಗದ ತೋರಿಸಿ ಜೀವಂತ ಮರಿಮಗಳು ಹೇಗೆ ತನ್ನದು ಅನ್ನುವುದು? ಅದಕ್ಕೇ ವಂಶವೃಕ್ಷ. ಅಪ್ಪನಿಂದ ಶುರುವಾಗಿ ಗೆರೆ ಇಳಿದು ಇಳಿದು ಕೊನೆಯ ಸಾಲಿನಲ್ಲಿ ಈ ಹುಡುಗಿಯ ಹೆಸರು ಬಂತು. ಅವಳು ಅದನ್ನು ಫೋಟೋ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಕನ್ನಡ ಓದಲು ಸ್ವಲ್ಪ ತಡವರಿಸುತ್ತಾಳೆ. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದಳು.

ಆ ತಿಂಗಳು ನಮ್ಮ ಹಿತ್ತಲಿನಲ್ಲಿ ಕೊಬ್ಬರಿ ಸುಲಿಯುವ ಕೆಲಸ ನಡೆದಿತ್ತು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನಬೇಕು. ಅನ್ನದಿದ್ದರೆ ಅದನ್ನು ವಾಪಸ್ ಅಟ್ಟಕ್ಕೆ ಎಸೆಯುವುದೇ. ಹುಡುಗಿ ಆಳುಗಳ ಜೊತೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ ಬೇರ್ಪಡಿಸುವುದನ್ನು ಕಲಿತಳು. ಸುಲಿಯುವ ಹೆಂಗಸೊಬ್ಬಳು ಮಚ್ಚಿನ ಹಿಂಬದಿಯಿಂದ ಟಕಟಕ ಬಡಿದು, ಗಿಟುಕು ಒಡೆಯದ ಹಾಗೆ ಚಿಪ್ಪು ಬಿಡಿಸಿ, ಬೆಳ್ಳಗಿನ ಗುಂಡನ್ನು ಇವಳ ಕೈಗಿಟ್ಟಳು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,000 ರೂಪಾಯಿ. ಒಂದು ಕ್ವಿಂಟಲ್ ಕೊಬ್ಬರಿ ಮಾರಿದರೆ ತನ್ನ ವೀಸಾ ಅರ್ಜಿಯ ಶುಲ್ಕಕ್ಕೆ ಸಾಲುತ್ತದೆಯೇ ಇಲ್ಲವೇ ಅಂತ ಅವಳು ಡಾಲರಿನಲ್ಲಿ ಲೆಕ್ಕ ಹಾಕಿದಳು. 160 ಡಾಲರ್ ಇತ್ತು ಆಗ. ಸಾಲದು, ಇನ್ನೂ ಸ್ವಲ್ಪ ಬೇಕು.

ಡಿಸೆಂಬರ್ 7, ಬುಧವಾರ. ಹೊಸ್ತಿಲ ಹುಣ್ಣಿಮೆಯ ಹೊತ್ತು. ಅತ್ತಿಗೆ ಬೆಳಗ್ಗೆಯೇ ಹೊಸ್ತಿಲಿಗೆ ಅರಿಶಿನ ಬಳಿದು ರಂಗೋಲಿ ಎಳೆಯುತ್ತಿದ್ದರು. ಹುಡುಗಿ ಬಚ್ಚಲ ಹಂಡೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಫೋನು ನೋಡುತ್ತಿದ್ದಳು. ನೀರು ಕುದಿದು ಕೊತಕೊತ ಅನ್ನುತ್ತಿದ್ದರೂ ಏಳಲಿಲ್ಲ. ಏನವ್ವ ಅಂದೆ. "ತೆಗೆದುಹಾಕಿದ್ದಾರೆ ಚಿಕ್ಕತಾತ" ಅಂದಳು. ಅಷ್ಟೇ ಅಂದು ಸ್ನಾನಕ್ಕೆ ಹೋದಳು.

ಏನು ತೆಗೆದದ್ದು ಅನ್ನುವುದು ಗೊತ್ತಾದದ್ದು ಆವತ್ತು ರಾತ್ರಿ. ಚಳಿ ಜೋರಿತ್ತು. ಆಳುಗಳು ಹೋದ ಮೇಲೆ ಹಿತ್ತಲಿನಲ್ಲಿ ಸಿಪ್ಪೆ, ಒಡಕು ಚಿಪ್ಪು ಗುಡ್ಡೆ ಹಾಕಿ ಬೆಂಕಿ ಮಾಡಿದೆ. ಅತ್ತಿಗೆ ಶಾಲು ಹೊದ್ದು ಕಲ್ಲಿನ ಮೇಲೆ ಕೂತರು, ಪಕ್ಕದ ಮನೆಯ ಒಂದಿಬ್ಬರು ಬಂದು ಸೇರಿದರು. ಚಿಪ್ಪಿನ ಬೆಂಕಿಗೆ ಹೊಗೆ ಕಡಿಮೆ, ಕಾವು ಹೆಚ್ಚು. ಅವಳು ಹೇಳುತ್ತಾ ಹೋದಳು, ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಬಿಟ್ಟಲ್ಲಿ ನಾನು ತುಂಬುತ್ತಿದ್ದೆ.

ಅವರ ಊರಿನ ಕಡೆಯ ಸಂಸದೆ ಡೆಬೊರಾ ರಾಸ್. 2021ರ ಜುಲೈನಲ್ಲಿ ಆಕೆ ಕೆಳಮನೆಯಲ್ಲಿ 'ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್' ಅನ್ನುವ ಮಸೂದೆ ಮಂಡಿಸಿದ್ದರು. ತಂದೆ ತಾಯಿಯ ವೀಸಾದಲ್ಲಿ ಬಂದು, ಕಾನೂನುಬದ್ಧವಾಗಿ ಹತ್ತು ವರ್ಷ ಅಲ್ಲಿದ್ದು, ಅಲ್ಲಿನ ಕಾಲೇಜು ಮುಗಿಸಿದ ಮಕ್ಕಳಿಗೆ ಗ್ರೀನ್ ಕಾರ್ಡಿನ ದಾರಿ. ಫೈಲು ದಾಖಲಾದ ದಿನದ ವಯಸ್ಸನ್ನೇ ಮಗುವಿನ ವಯಸ್ಸು ಅಂತ ಹಿಡಿಯುವುದು. ಎರಡೂ ಪಕ್ಷದವರ ಸಹಿ ಇತ್ತು. ಸೆನೆಟ್ಟಿನಲ್ಲಿ ಡೆಮಾಕ್ರಟ್ ಅಲೆಕ್ಸ್ ಪಡಿಯಾ, ರಿಪಬ್ಲಿಕನ್ ರ‍್ಯಾಂಡ್ ಪಾಲ್ ಜೊತೆಯಾಗಿ ಅದನ್ನೇ ತಂದರು. ದೀಪ್ ಪಟೇಲ್ ಎಂಬ ಯುವಕ ಕಟ್ಟಿದ 'ಇಂಪ್ರೂವ್ ದ ಡ್ರೀಮ್' ಎಂಬ ಸಂಘಟನೆ ಈ ಮಕ್ಕಳನ್ನೆಲ್ಲ ಒಟ್ಟು ಮಾಡಿತ್ತು. ಇಂಥವರು ಎರಡೂವರೆ ಲಕ್ಷದಷ್ಟಿದ್ದಾರೆ ಅಂತ ಅವರ ಅಂದಾಜು. 2022ರ ಮಾರ್ಚಿನಲ್ಲಿ ಅತುಲ್ಯಾ ರಾಜಕುಮಾರ್ ಎಂಬ ಹುಡುಗಿ ಸೆನೆಟ್ಟಿನ ಉಪಸಮಿತಿಯ ಮುಂದೆ ನಿಂತು ತನ್ನ ಮನೆಯ ಪಾಡು ಹೇಳಿದಾಗ ನಮ್ಮ ಹುಡುಗಿ ಹಾಸ್ಟೆಲ್ಲಿನಲ್ಲಿ ಕೂತು ನೋಡಿ ಅತ್ತಳಂತೆ. ಅದೇ ವರ್ಷದ ಜುಲೈನಲ್ಲಿ ರಾಸ್ ಈ ಅಂಶವನ್ನು ರಕ್ಷಣಾ ಇಲಾಖೆಯ ವಾರ್ಷಿಕ ಮಸೂದೆಗೆ ತಿದ್ದುಪಡಿಯಾಗಿ ಸೇರಿಸಿದರು. ಕೆಳಮನೆ ಅಂಗೀಕರಿಸಿತು. ಆ ಮಸೂದೆಯನ್ನು ಅಲ್ಲಿ ಯಾವ ವರ್ಷವೂ ಬೀಳಿಸುವುದಿಲ್ಲ, ಹಾಗಾಗಿ ಅದರ ಬೆನ್ನೇರಿದರೆ ದಡ ಸೇರಿದ ಹಾಗೆ ಅಂತ ಎಲ್ಲರೂ ನಂಬಿದ್ದರು. ಡಿಸೆಂಬರ್ 6ರ ರಾತ್ರಿ, ನಮಗೆ 7ರ ಬೆಳಗ್ಗೆ, ಎರಡೂ ಮನೆಗಳು ಒಪ್ಪಿದ ಅಂತಿಮ ಕರಡು ಹೊರಬಿತ್ತು. ಸಾವಿರಾರು ಪುಟ. ಈ ಮಕ್ಕಳ ಪುಟ ಅದರಲ್ಲಿ ಇರಲಿಲ್ಲ.

ಅತ್ತಿಗೆ ಇಷ್ಟೂ ಹೊತ್ತು ಬೆಂಕಿಗೆ ಚಿಪ್ಪು ತಳ್ಳುತ್ತಾ ಕೇಳುತ್ತಿದ್ದವರು ಕೇಳಿದ್ದು ಒಂದೇ. "ಇಪ್ಪತ್ತೊಂದಾದ್ರೆ ಅಪ್ಪಂಗೆ ಮಗಳಲ್ವಂತಾ? ನಂಗೆ ಎಪ್ಪತ್ತೆಂಟು ಕಣವ್ವ. ನಾನಿನ್ನೂ ನಮ್ಮಪ್ಪನ ಮಗಳೇ."

ಯಾರೂ ಉತ್ತರ ಹೇಳಲಿಲ್ಲ. ಪಕ್ಕದ ಮನೆಯವರು ಮಾತ್ರ, "ಅಲ್ಲಮ್ಮ, ಗಡಿ ಹಾರಿ ಬಂದೋರಿಗೆಲ್ಲ ಅಲ್ಲಿ ಕಾಗದ ಕೊಡ್ತಾರಂತೆ, ನಿಯಮದಂಗೆ ಹೋದೋರಿಗೆ ಹಿಂಗಾ?" ಅಂದರು. ಈ ಮಾತು ಅಮೆರಿಕದಲ್ಲಿರುವ ನಮ್ಮವರೂ ಆಡುತ್ತಾರೆ, ವಾಟ್ಸಾಪಿನಲ್ಲಿ ದಿನಾ ಓಡಾಡುತ್ತದೆ. ಹುಡುಗಿಗೆ ಸಿಟ್ಟು ಬಂತು. ಅಂಥ ಸಿಟ್ಟನ್ನು ನಾನು ಅವಳಲ್ಲಿ ಮೊದಲ ಸಲ ನೋಡಿದೆ.

ಹೈಸ್ಕೂಲಿನಲ್ಲಿ ಅವಳಿಗೊಬ್ಬಳು ಗೆಳತಿ. ಮೆಕ್ಸಿಕೋದಲ್ಲಿ ಹುಟ್ಟಿ, ಮೂರನೇ ವರ್ಷಕ್ಕೆ ತಾಯಿಯ ಸೊಂಟದ ಮೇಲೆ ಗಡಿ ದಾಟಿ ಬಂದವಳು. ಆ ಮಗುವನ್ನು ಯಾರೂ ಕೇಳಿರಲಿಲ್ಲ. ಹದಿನೈದು ತುಂಬಿದ ಮೇಲೆ ಅವಳಿಗೆ 'ಡಾಕಾ' ಅನ್ನುವ ರಕ್ಷಣೆ ಸಿಕ್ಕಿತು. 2012ರ ಜೂನ್ 15ರಂದು ಒಬಾಮ ಘೋಷಿಸಿದ ಏರ್ಪಾಡು ಅದು: ಹದಿನಾರರೊಳಗೆ ಬಂದವರು, 2007ರಿಂದ ಅಲ್ಲೇ ಇರುವವರು, ಆ ದಿನಕ್ಕೆ ಕಾನೂನುಬದ್ಧ ವಾಸದ ಕಾಗದ ಇಲ್ಲದವರು ಅರ್ಜಿ ಹಾಕಬಹುದು, ಎರಡು ವರ್ಷ ಗಡಿಪಾರು ಇಲ್ಲ, ಕೆಲಸಕ್ಕೆ ಅನುಮತಿ, ಮತ್ತೆ ನವೀಕರಣ. ಗೆಳತಿ ಬೇಸಿಗೆ ರಜದಲ್ಲಿ ಐಸ್‌ಕ್ರೀಂ ಅಂಗಡಿಯಲ್ಲಿ ದುಡಿದು ಸಂಬಳ ತಂದಳು. ನಮ್ಮ ಹುಡುಗಿಗೆ ಎಲ್ಲ ಕಾಗದವೂ ಇದ್ದು ಒಂದು ಗಂಟೆ ದುಡಿಯುವ ಹಕ್ಕಿರಲಿಲ್ಲ. ಬಂದದ್ದು 2009ರಲ್ಲಿ, ಮೇಲೆ ಕಾಗದ ಬೇರೆ ಇತ್ತು; ಹಾಗಾಗಿ ಡಾಕಾಕ್ಕೂ ಅವಳು ಅನರ್ಹಳು.

"ಹಾಗಂತ ಅವಳು ಸುಖವಾಗಿದ್ದಾಳೆ ಅಂದ್ಕೋಬೇಡಿ" ಅಂದಳು. 2017ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಸರ್ಕಾರ ಡಾಕಾ ನಿಲ್ಲಿಸುತ್ತೇವೆ ಅಂದಿತು. ಆ ವಾರ ಗೆಳತಿ ಶಾಲೆಗೇ ಬರಲಿಲ್ಲ. 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4 ಮತಗಳಲ್ಲಿ ಅದನ್ನು ತಡೆದು ಉಳಿಸಿತು. ನಿಲ್ಲಿಸಬಾರದು ಅಂತ ಹೇಳಿದ್ದಲ್ಲ, ನಿಲ್ಲಿಸಿದ ಕ್ರಮ ಸರಿಯಿಲ್ಲ ಅಂತ. 2021ರಲ್ಲಿ ಟೆಕ್ಸಾಸಿನ ನ್ಯಾಯಾಧೀಶ ಆಂಡ್ರ್ಯೂ ಹ್ಯಾನೆನ್ ಇಡೀ ಏರ್ಪಾಡೇ ಕಾನೂನುಬಾಹಿರ ಅಂದರು. ಹಳಬರಿಗೆ ನವೀಕರಣ ನಡೆಯುತ್ತದೆ, ಹೊಸಬರ ಅರ್ಜಿಗೆ ಮಂಜೂರಾತಿ ಇಲ್ಲ. ಗೆಳತಿಯ ತಮ್ಮ ಆ ಹೊಸಬರಲ್ಲೊಬ್ಬ. ಅವನಿಗೆ ಏನೂ ಇಲ್ಲ. "ನನಗೆ ಪ್ಲೇನ್ ಹತ್ತಿ ಬರೋಕೆ ಜಾವಗಲ್ ಇದೆ. ಅವನು ಎಲ್ಲಿಗೆ ಹೋಗ್ತಾನೆ, ಅಂಕಲ್?" ಅಂದಳು. ಪಕ್ಕದ ಮನೆಯವರು ಬೀಡಿ ಆರಿಸಿ ಸುಮ್ಮನಾದರು.

ಗೆಳತಿಯಂಥ ಕಾಗದವಿಲ್ಲದ ಮಕ್ಕಳಿಗಾಗಿ ಕಾನೂನು ಮಾಡುವ ಪ್ರಯತ್ನ ಶುರುವಾದದ್ದು 2001ರಲ್ಲಿ. ಷಿಕಾಗೋದಲ್ಲಿ ತೆರೇಸಾ ಲೀ ಎಂಬ ಪಿಯಾನೋ ಪ್ರತಿಭೆಯ ಹುಡುಗಿ ಇದ್ದಳು. ಕೊರಿಯಾದ ತಂದೆತಾಯಿ, ಹುಟ್ಟಿದ್ದು ಬ್ರೆಜಿಲಿನಲ್ಲಿ, ಕೈಯಲ್ಲಿ ಕಾಗದವಿಲ್ಲ. ಅವಳ ವಿಷಯ ಸೆನೆಟರ್ ಡಿಕ್ ಡರ್ಬಿನ್ ಅವರ ಕಿವಿಗೆ ಬಿತ್ತು. ಅವರೂ ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್ ಅವರೂ ಸೇರಿ ಆಗಸ್ಟಿನಲ್ಲಿ 'ಡ್ರೀಮ್ ಆ್ಯಕ್ಟ್' ಮಂಡಿಸಿದರು. ತೆರೇಸಾ ಬಂದು ಸಾಕ್ಷಿ ಹೇಳುವ ವಿಚಾರಣೆಗೆ ಗೊತ್ತಾಗಿದ್ದ ದಿನ ಸೆಪ್ಟೆಂಬರ್ 12. ಹಿಂದಿನ ದಿನ ನ್ಯೂಯಾರ್ಕಿನ ಅವಳಿ ಗೋಪುರಗಳಿಗೆ ವಿಮಾನ ಅಪ್ಪಳಿಸಿದ ಮೇಲೆ ವಲಸಿಗರ ಮಾತನ್ನು ಯಾರು ಕೇಳುತ್ತಾರೆ? ಮತ್ತೆ ಅದು ತೀರಾ ಹತ್ತಿರ ಬಂದದ್ದು 2010ರ ಡಿಸೆಂಬರ್‌ನಲ್ಲಿ. ಕೆಳಮನೆಯಲ್ಲಿ 216–198ರಲ್ಲಿ ಗೆದ್ದು, 18ನೇ ತಾರೀಕು ಸೆನೆಟ್ಟಿನಲ್ಲಿ 55–41 ಆಯಿತು. ಐವತ್ತೈದು ಬಿದ್ದರೆ ಗೆದ್ದ ಹಾಗೆ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲಿಕ್ಕೇ ಅರವತ್ತು ಬೇಕು. 2018ರ ಫೆಬ್ರುವರಿಯಲ್ಲಿ ನಾಲ್ಕು ಬಗೆಯ ಪ್ರಸ್ತಾವ ಒಂದೇ ದಿನ ಸೆನೆಟ್ಟಿಗೆ ಬಂದು ನಾಲ್ಕೂ ಬಿದ್ದವು. ಟ್ರಂಪ್ ಹದಿನೆಂಟು ಲಕ್ಷ ಮಂದಿಗೆ ದಾರಿ ಬಿಡುತ್ತೇನೆ, ಗಡಿಗೋಡೆಗೆ 25 ಶತಕೋಟಿ ಡಾಲರ್ ಕೊಡಿ ಅಂದಿದ್ದರು. ಅದಕ್ಕೆ ಸಿಕ್ಕಿದ್ದು 39 ಮತ. 2019, 2021ರಲ್ಲಿ ಕೆಳಮನೆ ಮತ್ತೆ ಅಂಗೀಕರಿಸಿತು, 2021ರದ್ದರಲ್ಲಿ ನಮ್ಮ ಹುಡುಗಿಯಂಥವರನ್ನೂ ಸೇರಿಸಿದ್ದರು. ಸೆನೆಟ್ಟಿನಲ್ಲಿ ಮಲಗಿತು.

ಇಷ್ಟು ಸಲ ಯಾಕೆ ಬೀಳುತ್ತದೆ ಅಂತ ಆ ರಾತ್ರಿ ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು ಇದು: "ಎಲ್ಲರಿಗೂ ನಾವು ಇಷ್ಟ, ಚಿಕ್ಕತಾತ. ಅದಕ್ಕೇ ನಮ್ಮನ್ನ ಕೊನೇಗೆ ಇಟ್ಕೋತಾರೆ." ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ಮಕ್ಕಳ ಮೇಲೆ ಯಾರಿಗೂ ದ್ವೇಷವಿಲ್ಲ. ಒಂದು ಪಕ್ಷ ಈ ಮಕ್ಕಳನ್ನು ತೋರಿಸಿ ಗಡಿಗೋಡೆ ಕೇಳುತ್ತದೆ, ಇನ್ನೊಂದು ಪಕ್ಷ ಇವರನ್ನು ಮುಂದಿಟ್ಟು ಎಲ್ಲ ವಲಸಿಗರಿಗೂ ದಾರಿ ಕೇಳುತ್ತದೆ. ಮಕ್ಕಳದ್ದೊಂದನ್ನೇ ಮೊದಲು ಮುಗಿಸಿಬಿಟ್ಟರೆ ಚೌಕಾಸಿಗೆ ಕೈಯಲ್ಲಿ ಏನುಳಿಯಿತು? ಇನ್ನು ದಾಖಲೆ ಇದ್ದವರ ಮಸೂದೆ ಬಂದರೆ, ಇಲ್ಲದವರನ್ನು ಬಿಟ್ಟು ಇವರಿಗೆ ಯಾಕೆ ಮೊದಲು ಅನ್ನುತ್ತಾರೆ. ಇಲ್ಲದವರದ್ದು ಬಂದರೆ, ನಿಯಮದಂತೆ ಬಂದವರನ್ನು ಬಿಟ್ಟು ಇವರಿಗೆ ಯಾಕೆ ಅನ್ನುತ್ತಾರೆ. ನಮ್ಮ ಪಕ್ಕದ ಮನೆಯವರ ಪ್ರಶ್ನೆಯೇ ಅಲ್ಲಿಯ ಸಂಸತ್ತಿನಲ್ಲೂ ಕೂತಿದೆ.

ಅಮೆರಿಕವನ್ನು ಬೈದು ಎದ್ದುಹೋಗುವುದು ಸುಲಭ. ಆ ರಾತ್ರಿ ನಾನು ಬೈಲಕುಪ್ಪೆಯನ್ನೂ ನೆನೆದೆ. ಇಲ್ಲೇ ಹುಟ್ಟಿ, ಕನ್ನಡ ಆಡಿಕೊಂಡು ಬೆಳೆದ ಟಿಬೆಟನ್ ಮಕ್ಕಳು ಎಷ್ಟೋ ಕಾಲ ನೋಂದಣಿ ಪುಸ್ತಕ ಹಿಡಿದೇ ಓಡಾಡಿದರು. 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಅಂತ ನಮ್ಮ ಪೌರತ್ವ ಕಾನೂನೇ ಹೇಳುತ್ತದೆ. ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಅಂತ ಕರ್ನಾಟಕ ಹೈಕೋರ್ಟ್ ಹೇಳಬೇಕಾಗಿ ಬಂದದ್ದು 2013ರಲ್ಲಿ. 2004ರ ಡಿಸೆಂಬರ್‌ನಿಂದ ಈಚೆಗೆ ನಮ್ಮಲ್ಲಿ ಹುಟ್ಟಿದ ಮಗುವಿನ ತಂದೆ ತಾಯಿಯರಲ್ಲಿ ಒಬ್ಬರು ಅಕ್ರಮ ವಲಸಿಗರಾಗಿದ್ದರೂ ಮಗುವಿಗೆ ಹುಟ್ಟಿನಿಂದ ಪೌರತ್ವ ಇಲ್ಲ. ಅಂಥ ಮಕ್ಕಳಿಗಾಗಿ ಒಂದು ಮಸೂದೆ ತರೋಣ ಅಂತ ನಮ್ಮ ಸಂಸತ್ತಿನಲ್ಲಿ ಎದ್ದು ನಿಂತವರನ್ನು ನಾನಂತೂ ನೋಡಿಲ್ಲ.

ಆ ವಾರದ ಕೊನೆಗೆ ಮಾಂಡೌಸ್ ಚಂಡಮಾರುತ ಮಹಾಬಲಿಪುರದ ಹತ್ತಿರ ದಡ ಹತ್ತಿತು. ಇಲ್ಲಿಯವರೆಗೂ ಮೋಡ, ಜಿಟಿಜಿಟಿ. ಅಂಗಳದಲ್ಲಿ ಹರವಿದ್ದ ಕೊಬ್ಬರಿ ಒಳಗೆ ಸಾಗಿಸುವುದೇ ಕೆಲಸವಾಯಿತು. ಚೆನ್ನೈಗೆ ರೈಲು ಓಡುತ್ತೋ ಇಲ್ಲವೋ ಅಂತ ಆತಂಕ ಬೇರೆ. ಮುಂದಿನ ವಾರ ಅರಸೀಕೆರೆಯಲ್ಲಿ ಬೆಂಗಳೂರಿನ ಗಾಡಿ ಹತ್ತಿ ಇಬ್ಬರೂ ಹೊರಟೆವು. ಅತ್ತಿಗೆ ಪಹಣಿಗೆ ಅರಿಶಿನ ಕುಂಕುಮ ಹಚ್ಚಲು ಹೋಗಿದ್ದರು, ಸರ್ಕಾರಿ ಕಾಗದಕ್ಕೆ ಬೇಡ ಅಂತ ತಡೆದೆ. ಕವರಿನ ಮೇಲೆ ಹಚ್ಚಿದರು.

ಚೆನ್ನೈನಲ್ಲಿ ಮರಗಳು ಬಿದ್ದು ಕೊಂಬೆಗಳನ್ನು ರಸ್ತೆ ಪಕ್ಕ ರಾಶಿ ಹಾಕಿದ್ದರು. ಕಾನ್ಸುಲೇಟಿನ ಎದುರು ಫುಟ್‌ಪಾತಿನಲ್ಲಿ ನಾನು, ನನ್ನಂಥ ಇನ್ನೂ ಎಷ್ಟೋ ಅಪ್ಪಂದಿರು, ತಾತಂದಿರು. ಎಲ್ಲರ ಕಂಕುಳಲ್ಲೂ ಮಕ್ಕಳ ಬ್ಯಾಗು, ಆಫ್ ಮಾಡಿದ ಫೋನು. ಸುಮಾರು ಎರಡು ಗಂಟೆ ಕಾದ ಮೇಲೆ ಬಂದಳು. ಆಗಿದೆ ಅಂದಳು.

"ಪಹಣಿ ನೋಡಿದ್ರಾ?"

"ಕವರ್ ತೆಗೀಲೇ ಇಲ್ಲ."

ಅಧಿಕಾರಿ ಕೇಳಿದ್ದು ಏನು ಓದುತ್ತೀಯ, ಫೀಸು ಯಾರು ಕಟ್ಟುತ್ತಾರೆ, ಇಂಡಿಯಾದಲ್ಲಿ ಕೊನೆಗೆ ಯಾವಾಗ ಇದ್ದೆ ಅಂತ. "ಸೆಕೆಂಡ್ ಸ್ಟ್ಯಾಂಡರ್ಡ್" ಅಂದಳಂತೆ. ಅವರು ತಲೆಯೆತ್ತಿ ಒಂದು ಸಲ ಅವಳ ಮುಖ ನೋಡಿ, ಏನೂ ಅನ್ನದೆ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರಂತೆ. ವಾಪಸ್ ಬರುವಾಗ ರೈಲಿನಲ್ಲಿ ಅವಳು ಬಹಳ ಮಾತಾಡಲಿಲ್ಲ. ಜೋಲಾರ್‌ಪೇಟೆ ದಾಟಿದ ಮೇಲೆ ಕೇಳಿದಳು: "ವಂಶವೃಕ್ಷ ನಾನೇ ಇಟ್ಕೊಳ್ಳಲಾ?" ಇಟ್ಟುಕೋ ಅಂದೆ.

ಸಂಕ್ರಾಂತಿಗೆ ಮುಂಚೆ ಹೋದಳು. 21 ತುಂಬಿದ ದಿನ ಅವಳು ಕ್ಯಾರಿಯಲ್ಲೇ ಇದ್ದಳು, ಅದೇ ಮನೆ, ಅದೇ ಕೋಣೆ. ಆದರೆ ಈಗ ಓದಲೆಂದು ಬಂದ ವಿದೇಶಿ ವಿದ್ಯಾರ್ಥಿನಿ. ಅವಳು ಊರಿಗೆ ಬರುವ ಮುಂಚಿನ ಬೇಸಿಗೆಯ ಒಂದು ಸಂಗತಿ ಅವಳ ಅಪ್ಪನಿಗೆ ಇನ್ನೂ ಹೊಟ್ಟೆಯೊಳಗೆ ಕುದಿಯುತ್ತದೆ. 2022ರ ಜುಲೈ, ಆಗಸ್ಟ್‌ನಲ್ಲಿ ಅವನ ಕೆಲಸದ ವರ್ಗದ ಭಾರತೀಯರ ಸಾಲು ಇದ್ದಕ್ಕಿದ್ದಂತೆ ಓಡಿ 2014ರ ಡಿಸೆಂಬರ್ 1ರವರೆಗೂ ಬಂದಿತ್ತು. ಅವನದು 2015ರ ಆರಂಭದ ಫೈಲು. ಕೆಲವೇ ವಾರಗಳ ಅಂತರ. ಆ ಡಿಸೆಂಬರ್ ಹೊತ್ತಿಗೆ ಸಾಲು 2011ರ ಅಕ್ಟೋಬರಿಗೆ ಹಿಂದೆ ಸರಿದುಬಿಟ್ಟಿತು. 2025 ಮುಗಿಯುವಾಗಲೂ ಅದು 2013ನ್ನು ದಾಟಿರಲಿಲ್ಲ.

ಹುಡುಗಿ ಡಿಗ್ರಿ ಮುಗಿಸಿದಳು. ವಿದ್ಯಾರ್ಥಿಗಳಿಗೆ ಓದಿನ ನಂತರ ಕೊಡುವ ಅನುಮತಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಮುಂದಕ್ಕೆ ಅವಳಿಗೂ ಎಚ್‌-1ಬಿ ಲಾಟರಿ, ಬಂದರೆ ಅವಳದೇ ಹೊಸ ಫೈಲು, ಹೊಸ ಸಾಲು, ಕೊಟ್ಟಕೊನೆಗೆ. ಗೆಳತಿಯದು ಎರಡೆರಡು ವರ್ಷದ ನವೀಕರಣ ನಡೆದಿದೆ. ಡಾಕಾ ಇರುವವರು 2025ರಲ್ಲೂ ಐದು ಲಕ್ಷಕ್ಕೆ ಮೇಲಿದ್ದರು. 2024ರ ಡಿಸೆಂಬರ್‌ನಲ್ಲಿ ಟ್ರಂಪ್ ಟೀವಿ ಸಂದರ್ಶನದಲ್ಲಿ, ಡ್ರೀಮರ್‌ಗಳ, ಅಂದರೆ ಡ್ರೀಮ್ ಆ್ಯಕ್ಟಿಗೆ ಕಾದಿರುವ ಮಕ್ಕಳ, ವಿಷಯದಲ್ಲಿ ಡೆಮಾಕ್ರಟರ ಜೊತೆ ಕೂತು ಏನಾದರೂ ಮಾಡುತ್ತೇನೆ ಅಂದರು. ಎರಡು ತಿಂಗಳಿಗೆ, ಫೆಬ್ರುವರಿ 5ರಂದು, 104 ಭಾರತೀಯರನ್ನು ಹೊತ್ತ ಮಿಲಿಟರಿ ವಿಮಾನ ಅಮೃತಸರದಲ್ಲಿ ಇಳಿಯಿತು. ಜುಲೈನಲ್ಲಿ ರಿಪಬ್ಲಿಕನ್ ಸಂಸದೆ ಮರಿಯಾ ಎಲ್ವಿರಾ ಸಲಜಾರ್, ಡೆಮಾಕ್ರಟ್ ವೆರೋನಿಕಾ ಎಸ್ಕೊಬಾರ್ ಸೇರಿ 'ಡಿಗ್ನಿಟಿ ಆ್ಯಕ್ಟ್' ಮಂಡಿಸಿದರು. ಎರಡೂ ಬಗೆಯ ಮಕ್ಕಳಿಗೆ ಅದರಲ್ಲಿ ಜಾಗವಿದೆ. ಆಗಸ್ಟಿನಲ್ಲಿ ಅಲ್ಲಿನ ವಲಸೆ ಇಲಾಖೆ ಮಕ್ಕಳ ವಯಸ್ಸು ಎಣಿಸುವ ಕ್ರಮವನ್ನೇ ಬಿಗಿ ಮಾಡಿತು; 2023ರಲ್ಲಿ ಕೊಟ್ಟಿದ್ದ ಸಣ್ಣ ರಿಯಾಯಿತಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಮಸೂದೆ ಬರುವುದೂ ಬಾಗಿಲು ಬಿಗಿಯುವುದೂ ಒಟ್ಟಿಗೇ ನಡೆದಿದೆ. ನನ್ನ ಅಂದಾಜು ಕೇಳಿದರೆ, ಈ ಮಕ್ಕಳದೇ ಪ್ರತ್ಯೇಕ ಕಾನೂನು ಸದ್ಯಕ್ಕೆ ಆಗುವುದಿಲ್ಲ. ಆದರೆ ಯಾವುದೋ ದೊಡ್ಡ ಮಸೂದೆಯ ಒಳಗೆ, ಯಾವುದೋ ಡಿಸೆಂಬರ್‌ನಲ್ಲಿ, ತೆಗೆಯಲು ಮರೆತ ಒಂದು ಪುಟವಾಗಿ ಆಗಬಹುದು.

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯಿಂದ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಇದನ್ನು ಓದುವ ಅಜ್ಜ ಅಜ್ಜಿಯರು ಮುಂದಿನ ಸಲ ವಿಡಿಯೋ ಕಾಲ್ ಬಂದಾಗ ಊಟ ಆಯ್ತಾ, ಚಳಿ ಇದೆಯಾ ಅಂತ ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: ಫೈಲು ಯಾವ ವರ್ಷದ್ದು, ಮೊಮ್ಮಗುವಿಗೆ ಈಗ ಎಷ್ಟು ವರ್ಷ? ಎರಡನ್ನೂ ಕೂಡಿಸಿ ಕಳೆದು ನೋಡಲು ಹೇಳಿ. ಮಗು ಹೈಸ್ಕೂಲು ಸೇರುವ ಹೊತ್ತಿಗೆ ಅದಕ್ಕೂ ಎಲ್ಲವನ್ನೂ ಬಿಡಿಸಿ ಹೇಳಿಬಿಡಲಿ. ಹಾಗೇ ತೋಟದ ಪೌತಿ ಖಾತೆಯನ್ನೂ ಮಾಡಿಸಿಡಿ.